ಕಡುಬಿನ ಜಾಗಕ್ಕೆ ಓಟ್ಸ್ ಯಾಕೆ?

(ತೀರ್ಥಹಳ್ಳಿ ಕಡೆಯ ಓದುಗರೊಬ್ಬರು ಬರೆದ ಪತ್ರದ ಸಾರ: ಎಪ್ಪತ್ತು ದಾಟಿದ ಅಮ್ಮನಿಗೆ ಬಹಳ ವರ್ಷದಿಂದ ಸಕ್ಕರೆ ಕಾಯಿಲೆ. ಮಾತ್ರೆ ನುಂಗುತ್ತಿದ್ದಾರೆ. ಡಾಕ್ಟರು ಕೊಟ್ಟ ಜೆರಾಕ್ಸ್ ಹಾಳೆಯಲ್ಲಿ ಓಟ್ಸ್, ಬ್ರೌನ್ ಬ್ರೆಡ್, ಸೇಬು, 'ಅನ್ನ ಬೇಡ, ಚಪಾತಿ ತಿನ್ನಿ' ಎಂದಿದೆ. ಅಕ್ಕಿ ತರಿಯ ಕಡುಬು, ಗಂಜಿ, ಅಕ್ಕಿ ರೊಟ್ಟಿಯಲ್ಲೇ ಬೆಳೆದ ಅಮ್ಮ ಈಗ ರಾತ್ರಿ ಊಟವನ್ನೇ ಬಿಟ್ಟಿದ್ದಾರೆ. 'ಡಾಕ್ಟರುಗಳಿಗೆ ಊಟದ ಪಾಠ ಯಾರೂ ಮಾಡುವುದಿಲ್ಲವೇ?')

ಮೊದಲು ಅಮ್ಮನ ವಿಷಯ. ಅವರು ರಾತ್ರಿ ಊಟ ಬಿಟ್ಟಿರುವುದನ್ನು ತಡಮಾಡದೆ ಡಾಕ್ಟರಿಗೆ ಹೇಳಿ. ಗ್ಲಿಮೆಪಿರೈಡ್ ಥರದ ಮಾತ್ರೆಯಾಗಲಿ, ಇನ್ಸುಲಿನ್ ಆಗಲಿ, ನೀವು ಊಟ ಮಾಡಿದ್ದೀರಾ ಅಂತ ಕೇಳುವುದಿಲ್ಲ. ಸಕ್ಕರೆ ಇಳಿಸುತ್ತಲೇ ಇರುತ್ತವೆ. ಬೆವರು, ನಡುಕ, ತಲೆಸುತ್ತು ಶುರುವಾಗುತ್ತದೆ. ನಿದ್ದೆಯಲ್ಲಿ ಹಾಗಾದರೆ ಮನೆಯವರಿಗೆ ಗೊತ್ತೇ ಆಗದೆ ಹೋಗಬಹುದು.

ಇನ್ನು ನಿಮ್ಮ ಪ್ರಶ್ನೆ. ಪಾಠ ಮಾಡುತ್ತಾರೆ, ಆದರೆ ಸಾಲದು. ಎಂಬಿಬಿಎಸ್‌ನಲ್ಲಿ ಬಯೋಕೆಮಿಸ್ಟ್ರಿ ಜೊತೆ ಒಂದಿಷ್ಟು, ಕಮ್ಯುನಿಟಿ ಮೆಡಿಸಿನ್ ಜೊತೆ ಒಂದಿಷ್ಟು ಪೌಷ್ಟಿಕತೆ ಬರುತ್ತದೆ. ಜೀವಸತ್ವ ಸಾಲದೆ ಬರುವ ಬೆರಿಬೆರಿ, ಸ್ಕರ್ವಿ, ರಿಕೆಟ್ಸ್ ಥರದ ಕಾಯಿಲೆ ಎಲ್ಲ ಓದಿರುತ್ತಾರೆ. ಎದುರಿಗೆ ಕೂತ ಅಜ್ಜಿಗೆ ಬೆಳಿಗ್ಗೆ ಎಷ್ಟು ಕಡುಬು ಸಾಕು ಅಂತ ಲೆಕ್ಕ ಹಾಕಿ ಹೇಳುವ ಅಭ್ಯಾಸ ಮಾತ್ರ ಆಗಿರುವುದಿಲ್ಲ. ಬೇರೆ ದೇಶಗಳಲ್ಲೂ ಇದೇ ಗೋಳು. ವೈದ್ಯ ವಿದ್ಯಾರ್ಥಿಗೆ ಕನಿಷ್ಠ 25 ಗಂಟೆ ಪೌಷ್ಟಿಕತೆ ಪಾಠ ಬೇಕು ಅಂತ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ 1985ರಲ್ಲೇ ಹೇಳಿತ್ತು. ಎಷ್ಟೋ ವರ್ಷ ಕಳೆದರೂ ಅಲ್ಲಿನ ಬಹಳಷ್ಟು ಕಾಲೇಜುಗಳು ಅಷ್ಟು ದೂರ ಬಂದಿರಲಿಲ್ಲ.

ಹಾಗಂತ ಡಾಕ್ಟರನ್ನು ಬೈಯಲು ನನಗೆ ಮನಸ್ಸಿಲ್ಲ. ಬಾಗಿಲ ಹೊರಗೆ ಅಷ್ಟು ಜನ ಕಾಯುತ್ತಿರುವಾಗ ಜೆರಾಕ್ಸ್ ಹಾಳೆ ಕೈಗೆ ಬರುವುದು ಸಹಜ. ಓದು ಮುಗಿದು ಇಪ್ಪತ್ತು ವರ್ಷ ಆದವರು ಮತ್ತೆ ಕಲಿಯುವುದು ಹೇಗೆ ಅನ್ನೋದು ನನ್ನ ಚಿಂತೆ. ಅದಕ್ಕೆ ಜಾಗ ಈಗಾಗಲೇ ಇದೆ. ವೈದ್ಯರ ನಡತೆಯ ಬಗ್ಗೆ 2002ರಲ್ಲಿ ಬಂದ ನಿಯಮಗಳು 5 ವರ್ಷಕ್ಕೆ 30 ಗಂಟೆಯಾದರೂ ಮುಂದುವರಿದ ಕಲಿಕೆಗೆ ಕೂರಬೇಕು ಅನ್ನುತ್ತವೆ. ಸಿಎಂಇ ಅಂತ ಅವರು ಕರೆಯುವುದು ಇದನ್ನೇ. ಆ 30ರಲ್ಲಿ 5 ಗಂಟೆಯಾದರೂ ಊಟಕ್ಕೆ ಸಿಗಬೇಕು. ಅದೂ ಮಲೆನಾಡಿನ ಊಟಕ್ಕೆ.

ಅಕ್ಕಿಯನ್ನೇ ತೆಗೆದುಕೊಳ್ಳಿ. ಭಾರತದಲ್ಲಿ ಪೌಷ್ಟಿಕತೆಯ ಸಂಶೋಧನೆ ಗಟ್ಟಿಯಾಗಿ ಶುರುವಾಗಿದ್ದೇ ಅಕ್ಕಿಯಿಂದ, ಅದೂ ಒಬ್ಬ ವೈದ್ಯರಿಂದ. 1918ರಲ್ಲಿ ರಾಬರ್ಟ್ ಮೆಕ್ಯಾರಿಸನ್ ಕೂನೂರಿನ ಒಂದು ಕೋಣೆಯಲ್ಲಿ ಬೆರಿಬೆರಿ ಬಗ್ಗೆ ಕೆಲಸ ಆರಂಭಿಸಿದರು. ಅದೇ ಬೆಳೆದು ಇವತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಗಿದೆ. ತೌಡು ಹೋಗುವಷ್ಟು ಪಾಲಿಶ್ ಮಾಡಿದ ಅಕ್ಕಿಯಲ್ಲಿ ಬಿ1 ಜೀವಸತ್ವ ಹೆಚ್ಚು ಉಳಿಯುವುದಿಲ್ಲ, ಬೆರಿಬೆರಿ ಬರುವುದು ಅದರ ಕೊರತೆಯಿಂದಲೇ. ನಮ್ಮ ಕುಚಲಕ್ಕಿಯ ಕಥೆ ಬೇರೆ. ಭತ್ತವನ್ನು ಬೇಯಿಸುವಾಗ ಆ ಜೀವಸತ್ವ ಕಾಳಿನೊಳಕ್ಕೆ ಇಳಿಯುತ್ತದೆ, ಮಿಲ್ಲಿಗೆ ಹಾಕಿದ ಮೇಲೂ ಬಹಳಷ್ಟು ಉಳಿಯುತ್ತದೆ. ಇದನ್ನು ಓದಿದ ಡಾಕ್ಟರು ಗಂಜಿ ಕುಡಿಯುವ ಅಜ್ಜಿಯ ಎದುರು ಗಂಜಿಯನ್ನು ಹೀಗಳೆಯಲಾರರು.

ಆದರೆ ಕುಚಲಕ್ಕಿ ಅಂತ ಬೇಕಾದಷ್ಟು ಉಣ್ಣುವ ಹಾಗೂ ಇಲ್ಲ. ಅಕ್ಕಿಯಲ್ಲಿ ಮುಕ್ಕಾಲು ಪಾಲು ಪಿಷ್ಟ. ಗೋಧಿ ಹಿಟ್ಟಿನಲ್ಲಿ ನಾರು ಜಾಸ್ತಿ ನಿಜ, ಪಿಷ್ಟ ಅಲ್ಲೂ ಕಮ್ಮಿಯೇನಿಲ್ಲ. ಎರಡು ಹಿಡಿ ಅನ್ನ ಬಿಡಿಸಿ ಐದು ಚಪಾತಿ ತಿನ್ನಿಸಿದರೆ ಸಕ್ಕರೆ ಇಳಿಯುತ್ತಾ? ಹೈದರಾಬಾದಿನ ಅದೇ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ, ದಿನಕ್ಕೆ 2000 ಕ್ಯಾಲೊರಿ ಬೇಕಾದವರಿಗೆ ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ತರಕಾರಿ ಸೊಪ್ಪು 400 ಗ್ರಾಂ ಎಂದಿದೆ. ನಮ್ಮ ಕಡೆಯ ತಟ್ಟೆ ನೆನಪು ಮಾಡಿಕೊಳ್ಳಿ. ಅನ್ನದ ರಾಶಿ, ಅದರ ಮೇಲೆ ತಿಳಿ ಸಾರು, ಬದಿಗೆ ಮಿಡಿ ಉಪ್ಪಿನಕಾಯಿ. ಅನ್ನ ಅರ್ಧ ಮಾಡಿ, ಹುರುಳಿಯನ್ನೋ ಹೆಸರುಕಾಳನ್ನೋ ಗಟ್ಟಿಯಾಗಿ ಬಡಿಸಿ, ಸೊಪ್ಪಿನ ಪಲ್ಯ ಹೆಚ್ಚಿಸಿ ಅಂದರೆ ಅಮ್ಮನಿಗೆ ತಕ್ಷಣ ಅರ್ಥವಾಗುತ್ತದೆ. ಬಿಪಿ ಇದ್ದರೆ ಉಪ್ಪಿನಕಾಯಿಯ ಮಾತನ್ನೂ ಆಡಲೇಬೇಕು. ದಿನಕ್ಕೆ ಎಲ್ಲ ಸೇರಿ ಉಪ್ಪು 5 ಗ್ರಾಂ, ಅಂದರೆ ಒಂದು ಟೀ ಚಮಚ ದಾಟಬಾರದು.

ಔಷಧಿ ಚೀಟಿಗೂ ಊಟಕ್ಕೂ ಇರುವ ನಂಟು ಇನ್ನೊಂದು ಪಾಠ. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ ಬಹಳ ವರ್ಷ ತೆಗೆದುಕೊಂಡರೆ ಬಿ12 ಜೀವಸತ್ವ ಕಡಿಮೆಯಾಗಬಹುದು. ಸಸ್ಯಾಹಾರಿಗಳಿಗೆ ಆ ಅಪಾಯ ಜಾಸ್ತಿ. ಪಾದ ಜೋಮು ಹಿಡಿದರೆ ಎಲ್ಲರೂ ಸಕ್ಕರೆ ಕಾಯಿಲೆಯನ್ನೇ ದೂರುತ್ತಾರೆ, ಬಿ12 ನೋಡುವುದು ಬಿಟ್ಟುಹೋಗುತ್ತದೆ. ಕಬ್ಬಿಣದ ಮಾತ್ರೆ ಬರೆದುಕೊಡುತ್ತಾರೆ, ಅದನ್ನು ಕಾಫಿ ಜೊತೆ ನುಂಗಬೇಡಿ, ನಿಂಬೆರಸದ ಜೊತೆ ನುಂಗಿ ಅನ್ನುವುದು ಮರೆತುಹೋಗುತ್ತದೆ. ಕಿಡ್ನಿ ಸೋತವರಿಗೆ ಎಳನೀರಿನ ಪೊಟ್ಯಾಸಿಯಂ ಹೃದಯಕ್ಕೇ ಅಪಾಯ ತರಬಹುದು. ಇವು ಯಾವುದಕ್ಕೂ ದುಬಾರಿ ಯಂತ್ರ ಬೇಡ.

ಶಿವಮೊಗ್ಗದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ವೈದ್ಯರ ಸಂಘವಿದೆ, ಡಯಟಿಷಿಯನ್‌ಗಳಿದ್ದಾರೆ. ಒಂದು ಭಾನುವಾರ ಎಲ್ಲರೂ ಸೇರಲಿ. ಸ್ಲೈಡ್ ತೋರಿಸಿ ಕಳಿಸುವುದು ಬೇಡ. ಮೇಜಿನ ಮೇಲೆ ತಕ್ಕಡಿ ಇಡಲಿ. ಒಂದು ಕಡುಬಿಗೆ ಎಷ್ಟು ಅಕ್ಕಿ ತರಿ ಹೋಗುತ್ತದೆ ಅಂತ ಡಾಕ್ಟರುಗಳೇ ತೂಗಿ ನೋಡಲಿ. ಆಶಾ ಕಾರ್ಯಕರ್ತೆಯರನ್ನೂ ಕರೆಯಲಿ, ಯಾರ ಮನೆಯಲ್ಲಿ ಏನು ಬೇಯುತ್ತದೆ ಅಂತ ಅವರಷ್ಟು ಬಲ್ಲವರಿಲ್ಲ. ಈ ಕೋರಿಕೆಯನ್ನು ನಾವು ಪತ್ರಿಕೆಯ ಪರವಾಗಿ ಕಾಲೇಜಿಗೂ ವೈದ್ಯರ ಸಂಘಕ್ಕೂ ಬರೆದು ಕಳಿಸುತ್ತೇವೆ.

ಅಲ್ಲಿಯವರೆಗೆ ನೀವು ಒಂದು ಕೆಲಸ ಮಾಡಿ. ಅಮ್ಮ ಬೆಳಿಗ್ಗೆಯಿಂದ ರಾತ್ರಿವರೆಗೆ ತಿನ್ನುವುದನ್ನೆಲ್ಲ ಒಂದು ವಾರ ಬರೆದಿಡಿ. ಕಾಫಿಗೆ ಹಾಕುವ ಬೆಲ್ಲವನ್ನೂ ಬಿಡಬೇಡಿ. ಮುಂದಿನ ಸಲ ಮಾತ್ರೆ ಚೀಟಿಯ ಜೊತೆ ಆ ಹಾಳೆಯನ್ನೂ ಡಾಕ್ಟರ ಮುಂದಿಡಿ. ಮೆಟ್‌ಫಾರ್ಮಿನ್ ಇದ್ದರೆ ಬಿ12 ಪರೀಕ್ಷೆ ಮಾಡಿಸಬೇಕಾ ಅಂತಲೂ ಕೇಳಿ.

- ಸಂ.