ಕುಂಡೆ ಮುಂದಾದ ಮಗುವಿಗೆ ಮನೆಯ ಹೆರಿಗೆ ಆಗಬಹುದೇ?

ಪ್ರಶ್ನೆ: ನನ್ನ ಮಗಳು ಚೊಚ್ಚಲ ಹೆರಿಗೆಗೆಂದು ತೌರಿಗೆ ಬಂದಿದ್ದಾಳೆ. 34 ವಾರ ತುಂಬಿದೆ. ಮಗುವಿನ ತಲೆ ಮೇಲಿದೆ, ಕುಂಡೆ ಕೆಳಗಿದೆ, ಸಿಸೇರಿಯನ್ ಬೇಕಾಗಬಹುದು ಎಂದು ಸ್ಕ್ಯಾನಿಂಗ್ ಮಾಡಿದವರು ಹೇಳಿದ್ದಾರೆ. ಸೂಲಗಿತ್ತಿಯಾಗಿದ್ದ ನನ್ನ ಅತ್ತೆಯವರು ಇಂಥ ಎಷ್ಟೋ ಮಕ್ಕಳನ್ನು ಮನೆಯಲ್ಲಿಯೇ ಹೆರಿಸಿದ್ದರಂತೆ. ಹಳ್ಳಿಗಳಲ್ಲಿ ಹೆರಿಗೆ ಮಾಡಿಸಿದ ನಿಮ್ಮ ಅನುಭವವೇನು?
– ಓದುಗರೊಬ್ಬರು, ಹಾಸನ ಜಿಲ್ಲೆ

ಉತ್ತರ: ತಾಯಿ, ಮೊದಲು ಸಮಾಧಾನ ಮಾಡಿಕೊಳ್ಳಿ. 28 ವಾರದ ಹೊತ್ತಿಗೆ ನಾಲ್ಕೈದು ಬಸುರಿಯರಲ್ಲಿ ಒಬ್ಬರ ಮಗು ಹೀಗೆಯೇ ಇರುತ್ತದೆ. ದಿನ ತುಂಬುವಾಗ ಆ ಪ್ರಮಾಣ ನೂರಕ್ಕೆ ಮೂರು ನಾಲ್ಕಕ್ಕೆ ಇಳಿಯುತ್ತದೆ. ನಿಮ್ಮ ಮೊಮ್ಮಗು ತಾನಾಗಿಯೇ ಹೊರಳಲು ಇನ್ನೂ ಕಾಲವಿದೆ.

ನಿಮ್ಮ ಅತ್ತೆಯವರ ವಿಷಯವನ್ನು ನಾನು ಪೂರ್ತಿ ನಂಬುತ್ತೇನೆ. 1980ರ ದಶಕದಲ್ಲಿ ಮಲೆನಾಡಿನ ಆರೋಗ್ಯ ಉಪಕೇಂದ್ರವೊಂದಕ್ಕೆ ಎ.ಎನ್.ಎಂ. (ಹೆರಿಗೆ ಮಾಡಿಸುವ ಸಹಾಯಕ ದಾದಿ) ಆಗಿ ಸೇರಿದ ನನಗೆ ಈ ಹೆರಿಗೆಯನ್ನು ಕಲಿಸಿದವರೂ ಒಬ್ಬ ಸೂಲಗಿತ್ತಿಯೇ. ಹಳ್ಳ ತುಂಬಿ ದಾರಿ ಕಡಿದುಹೋಗಿದ್ದ ಆಷಾಢದ ರಾತ್ರಿ, ಮೂರನೆಯ ಬಸಿರಿನ ಹೆಣ್ಣುಮಗಳನ್ನು ಆಕೆ ಮಂಡಿಯೂರಿಸಿ, ತೊಲೆಗೆ ಕಟ್ಟಿದ ಹಗ್ಗವನ್ನು ಹಿಡಿಸಿದ್ದರು. ಮಗುವಿನ ಕುಂಡೆ ಕಂಡೊಡನೆ ನಾನು ಕೈಚಾಚಿದಾಗ ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು, "ಎಳೀಬ್ಯಾಡ ಕಣವ್ವ, ಅದರ ಪಾಡಿಗೆ ಅದು ಬರ್ಲಿ" ಎಂದರು. ಸೊಂಟ, ಎದೆ, ಒಂದಾದ ಮೇಲೊಂದು ತೋಳು ನೋವಿನ ಬಲದಿಂದಲೇ ಇಳಿದು ಬಂದವು. ತಲೆ ಬರುವಾಗ ಮಾತ್ರ ಆಕೆ ಕೈಯಾಸರೆ ಕೊಟ್ಟರು. ಅವಸರಪಟ್ಟು ಎಳೆದರೆ ತೋಳುಗಳು ತಲೆಯ ಇಕ್ಕೆಲಕ್ಕೆ ಹೋಗಿ, ಎದೆಗೆ ಆನಿಕೊಂಡಿರಬೇಕಾದ ಗದ್ದ ಮೇಲೆದ್ದು, ತಲೆ ಸಿಕ್ಕಿಕೊಳ್ಳುತ್ತದೆ. ಬ್ರಿಟನ್ನಿನ ಅನುಭವಿ ಸೂಲಗಿತ್ತಿ ಮೇರಿ ಕ್ರಾಂಕ್ ಅವರೂ ಮಂಡಿಯೂರಿದ ಭಂಗಿಯನ್ನೂ ಕೈಯಿಡದ ತಾಳ್ಮೆಯನ್ನೂ ಕಲಿಸುತ್ತಿದ್ದರೆಂದು ಬಹಳ ವರ್ಷಗಳ ಮೇಲೆ ಓದಿದಾಗ, ಆ ಅಜ್ಜಿಯ ಹಿಡಿತ ನನ್ನ ಮಣಿಕಟ್ಟಿನ ಮೇಲೆ ಮತ್ತೆ ಬಿದ್ದಂತಾಯಿತು.

ಆದರೆ ಇನ್ನೊಂದು ಹೆರಿಗೆಯನ್ನು ಮುಚ್ಚಿಟ್ಟರೆ ನಿಮಗೆ ಅನ್ಯಾಯ ಮಾಡಿದಂತೆ. ಆ ತಾಯಿಗೆ ಎಂಟು ತಿಂಗಳಿಗೇ ನೋವು ಬಂದಿತ್ತು, ಮಗುವಿನ ಕಾಲು ಮುಂದಾಗಿತ್ತು. ದಿನ ತುಂಬದ ಮಗುವಿನ ಮೈ ತಲೆಗಿಂತ ಬಹಳ ಸಣ್ಣದಿರುವುದರಿಂದ, ಗರ್ಭಕೋಶದ ಬಾಯಿ ಪೂರ್ತಿ ಬಿಡುವ ಮೊದಲೇ ಮೈ ಜಾರಿ ಬಂದು ತಲೆ ಒಳಗೇ ನಿಂತಿತು. ಹೊಕ್ಕುಳು ಹೊರಬಂದ ಮೇಲೆ ಹೊಕ್ಕುಳಬಳ್ಳಿ ತಲೆಗೂ ತಾಯಿಯ ಮೂಳೆಗೂ ನಡುವೆ ಅದುಮಿಹೋಗುತ್ತದೆ. ಮಗುವಿಗೆ ಉಳಿಯುವುದು ಕೆಲವೇ ನಿಮಿಷ. ಆ ನಿಮಿಷಗಳಲ್ಲಿ ಅಲ್ಲಿ ವೈದ್ಯರಿರಲಿಲ್ಲ, ಇಕ್ಕಳವಿರಲಿಲ್ಲ, ಮಗುವಿಗೆ ಉಸಿರು ಕೊಡುವ ಸಲಕರಣೆಯಿರಲಿಲ್ಲ, ನನ್ನ ಎರಡು ಕೈಗಳಷ್ಟೇ ಇದ್ದವು. ಮಗು ಉಳಿಯಲಿಲ್ಲ.

ಆದ್ದರಿಂದ ನಿಮ್ಮ ಮಗಳಿಗೆ ಮನೆಯ ಹೆರಿಗೆ ಬೇಡವೆಂದೇ ಹೇಳುತ್ತೇನೆ. ಅದರಲ್ಲೂ ಚೊಚ್ಚಲು, ದಾರಿ ಎಷ್ಟು ಬಿಡುತ್ತದೆಂದು ಮೊದಲೇ ಹೇಳಬಲ್ಲವರಿಲ್ಲ. 36 ವಾರಕ್ಕೂ ಮಗು ಹೊರಳದಿದ್ದರೆ, ಹೊಟ್ಟೆಯ ಮೇಲಿನಿಂದಲೇ ತಿರುಗಿಸುವ ಇ.ಸಿ.ವಿ. ಮಾಡಬಹುದೇ ಎಂದು ವೈದ್ಯರನ್ನು ಕೇಳಿ. ಒಟ್ಟಾರೆ ಅರ್ಧದಷ್ಟು ಸಲ ಅದು ಫಲಿಸುತ್ತದೆ, ಚೊಚ್ಚಲಿನಲ್ಲಿ ತುಸು ಕಡಿಮೆ. ಸ್ಕ್ಯಾನಿಂಗ್, ಮಗುವಿನ ಎದೆಬಡಿತದ ನಿಗಾ, ಶಸ್ತ್ರಕ್ರಿಯೆಯ ಸೌಕರ್ಯ ಮೂರೂ ಇರುವ ಆಸ್ಪತ್ರೆಯಲ್ಲಿ ಮಾತ್ರ ಅದನ್ನು ಮಾಡಬೇಕು. ಮನೆಯಲ್ಲಿ ಎಣ್ಣೆ ಹಚ್ಚಿ ಹೊಟ್ಟೆ ತಿರುವಲು ಯಾರಿಗೂ ಬಿಡಬೇಡಿ.

2000ರಲ್ಲಿ 26 ದೇಶಗಳ ಎರಡು ಸಾವಿರಕ್ಕೂ ಹೆಚ್ಚು ಬಸುರಿಯರ ಅಧ್ಯಯನವೊಂದು ಸಿಸೇರಿಯನ್ನೇ ಮಗುವಿಗೆ ಕ್ಷೇಮವೆಂದು ತೋರಿಸಿದ ಮೇಲೆ, ಇಂಥ ಮಗುವನ್ನು ಸಹಜವಾಗಿ ಹೆರಿಸಬಲ್ಲ ವೈದ್ಯರೂ ವಿರಳವಾದರು. ಆ ಕೈಗುಣ ಕಳೆದುಹೋಗುತ್ತಿರುವುದು ನನಗೆ ನಿಜವಾದ ನೋವು. ನಿಮ್ಮ ಆಸ್ಪತ್ರೆಯಲ್ಲಿ ಅಂಥವರಿದ್ದರೆ ಅವರೊಡನೆ ಮಾತನಾಡಿ, ಇಲ್ಲದಿದ್ದರೆ ಸಿಸೇರಿಯನ್ನಿಗೆ ಹಿಂಜರಿಯಬೇಡಿ. ಮನೆಯಲ್ಲಿದ್ದಾಗಲೇ ನೀರೊಡೆದರೆ ಹೊಕ್ಕುಳಬಳ್ಳಿ ಮೊದಲು ಜಾರಿ ಬರುವ ಭಯವಿರುವುದರಿಂದ, ನೋವಿಗೆ ಕಾಯದೆ 108ಕ್ಕೆ ಕರೆಮಾಡಿ.

ಹೆರಿಗೆ ಹೇಗೇ ಆಗಲಿ, ಆರು ವಾರದ ಹೊತ್ತಿಗೆ ಮಗುವಿನ ತೊಡೆಯ ಕೀಲುಗಳನ್ನು ಸ್ಕ್ಯಾನ್ ಮಾಡಿಸಿ. ಕುಂಡೆ ಮುಂದಾಗಿದ್ದ ಮಕ್ಕಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಆ ಕೀಲು ಸರಿಯಾಗಿ ಕೂಡದಿರುವುದುಂಟು. ಬೇಗ ಗೊತ್ತಾದರೆ ಕೆಲವು ವಾರ ಪಟ್ಟಿ ಕಟ್ಟಿಯೇ ಹೆಚ್ಚಿನವರಲ್ಲಿ ಸರಿಪಡಿಸುತ್ತಾರೆ.