ರಿಂಗ್ ರೋಡ್ ಆಚೆ ಸೈಟ್ ತಗೊಳ್ಳೋ ಮುಂಚೆ ಬಸ್ ಸ್ಟಾಪಲ್ಲಿ ನಿಂತು ನೋಡಿ

ಮೈಸೂರಿನ ರಿಂಗ್ ರೋಡ್ ಆಚೆ, ಇಲವಾಲದ ಕಡೆ ಸೈಟ್ ನೋಡಿದ್ದೀರಿ. ಮುಂದೆ ಇನ್ನೊಂದು ರಿಂಗ್ ರೋಡ್ ಬರುತ್ತದಂತೆ, ಮೆಟ್ರೋ ಕೂಡ ಬರಬಹುದಂತೆ, ಯಾವುದನ್ನು ನಂಬಿ ತಗೊಳ್ಳಲಿ ಅಂತ ಕೇಳಿದ್ದೀರಿ. ನಾನೂ ಹೀಗೇ ರಸ್ತೆ ನಂಬಿ ತಗೊಂಡವನು.

ನಾವು ಅಗ್ರಹಾರದಲ್ಲಿ ಬಾಡಿಗೆಗೆ ಇದ್ದೆವು. ಅಮ್ಮ ದೇವರಾಜ ಮಾರುಕಟ್ಟೆಗೆ ನಡೆದೇ ಹೋಗಿ ಬರುತ್ತಿದ್ದರು. ಸ್ವಂತ ಮನೆ ಮಾಡಬೇಕು ಅಂತ ಬೋಗಾದಿ ದಾಟಿ 30x40 ಅಡಿಯ ಒಂದು ಸೈಟ್ ನೋಡಿದೆ. ಖಾತೆ ಪರೀಕ್ಷೆ ಮಾಡಿಸಿದೆ. ನೀರು, ಯುಜಿಡಿ (ಒಳಚರಂಡಿ) ಎಲ್ಲ ವಿಚಾರಿಸಿದೆ. ಭಾನುವಾರ ಬೆಳಿಗ್ಗೆ ಬೈಕಿನಲ್ಲಿ ಹೋದೆ, ರಿಂಗ್ ರೋಡ್ ಹತ್ತಿರವೇ ಇತ್ತು. ಅಗಲವಾದ ರಸ್ತೆ, ಟ್ರಾಫಿಕ್ ಇಲ್ಲ. ಅಷ್ಟಕ್ಕೇ ಒಪ್ಪಿಕೊಂಡುಬಿಟ್ಟೆ.

ತಪ್ಪಾಗಿದ್ದು ಇಲ್ಲೇ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಆಗ ಮನೆಯಲ್ಲಿ ಗಾಡಿ ಓಡಿಸುತ್ತಿದ್ದವನು ನಾನೊಬ್ಬನೇ. ಅಮ್ಮ, ಹೆಂಡತಿ, ಮಗಳು ಮೂವರಿಗೂ ಬಸ್ಸೇ ಗತಿ. ನಾನು ಮಾತ್ರ ದೂರವನ್ನು ನನ್ನ ಬೈಕಿನ ಲೆಕ್ಕದಲ್ಲಿ, ಅದೂ ರಜಾದಿನ ಅಳೆದೆ. ರಿಂಗ್ ರೋಡಿಗೆ ಬೇಗ ಮುಟ್ಟುತ್ತೇವೆ ಸರಿ, ಆದರೆ ರಿಂಗ್ ರೋಡಲ್ಲಿ ನಮಗೆ ಏನು ಕೆಲಸ? ಅಮ್ಮನ ಆಸ್ಪತ್ರೆ, ಮಗಳ ಕಾಲೇಜು ಎಲ್ಲ ಊರೊಳಗೆ.

ಹೆಂಡತಿಗೆ ಮೈಸೂರಿನದೇ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಕೆಲಸ. ಬೈಕಿನಲ್ಲಿ ರಿಂಗ್ ರೋಡ್ ಹಿಡಿದರೆ ಹತ್ತಿರ. ಆದರೆ ಮೈಸೂರಿನ ಸಿಟಿ ಬಸ್ಸುಗಳು ಬಹುತೇಕ ಅರಮನೆ ಪಕ್ಕದ ಸಿಟಿ ಬಸ್ ಸ್ಟ್ಯಾಂಡಿಗೇ ಬರುತ್ತವೆ. ಹಾಗಾಗಿ ಅವಳು ಊರೊಳಕ್ಕೆ ಬಂದು, ಬಸ್ ಬದಲಿಸಿ, ಮತ್ತೆ ಹೊರಗೆ ಹೋಗಬೇಕಾಯಿತು. 40 ನಿಮಿಷಕ್ಕೊಂದು ಬಸ್ ಅಂದರೆ ಸರಾಸರಿ 20 ನಿಮಿಷ ಕಾಯುವುದೇ ಆಯಿತು. ಎರಡು ಬಸ್ ಅಂದರೆ ಎರಡು ಸಲ ಕಾಯಬೇಕು. ಲೇಔಟಿನ ಒಳರಸ್ತೆಗಳು 30 ಅಡಿ, ಅಲ್ಲಿ ಬಸ್ ತಿರುಗಲ್ಲ. ಮೇನ್ ರೋಡಲ್ಲಿ ಇಳಿದು ಕತ್ತಲಲ್ಲಿ ನಡೆಯಬೇಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಟಿಕೆಟ್ ದುಡ್ಡು ಉಳಿಯಿತು, ಅದು ನಿಜಕ್ಕೂ ದೊಡ್ಡ ಉಪಕಾರ. ಕಾಯುವ ಹೊತ್ತು ಮಾತ್ರ ಕಡಿಮೆಯಾಗಲಿಲ್ಲ. ಅಮ್ಮ ಮಾರುಕಟ್ಟೆಗೆ ಹೋಗುವುದನ್ನೇ ಬಿಟ್ಟರು. ಕೊನೆಗೆ ಹೆಂಡತಿಗೊಂದು, ಮಗಳಿಗೊಂದು ಸ್ಕೂಟರ್ ತಗೊಂಡೆವು. ಊರಾಚೆ ಸೈಟ್ ತಗೊಂಡು ಉಳಿಸಿದ ದುಡ್ಡೆಲ್ಲ ಇಎಂಐ, ಪೆಟ್ರೋಲಿಗೆ ಹೋಯಿತು.

ಹೀಗೆ ಹೊರಗಿನ ಒಂದೊಂದು ಮನೆಯಿಂದ ಎರಡು ಮೂರು ಗಾಡಿ ಬಂದು ಸಂಜೆ ಕೆ.ಆರ್. ಸರ್ಕಲ್ ಸುತ್ತ ಸಿಕ್ಕಿಕೊಳ್ಳುತ್ತವೆ. ಅಲ್ಲಿ ರಸ್ತೆ ಅಗಲ ಮಾಡೋಕೆ ಎಲ್ಲಿದೆ ಜಾಗ? ಒಂದು ಕಡೆ ಅರಮನೆ, ಇನ್ನೊಂದು ಕಡೆ ದೇವರಾಜ ಮಾರುಕಟ್ಟೆ, ಲ್ಯಾನ್ಸ್‌ಡೌನ್ ಕಟ್ಟಡ. ಬೆಂಗಳೂರು-ಮೈಸೂರು ದಶಪಥ ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. 118 ಕಿ.ಮೀ. ಬೇಗ ಬಂದುಬಿಡಬಹುದು, ಆಮೇಲೆ ಊರೊಳಗೆ ತೆವಳಬೇಕು.

ಅದಕ್ಕೇ ಹೇಳೋದು, ಮೆಟ್ರೋನಾ ರಿಂಗ್ ರೋಡಾ ಅನ್ನೋ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಜನರನ್ನು ಸಾಗಿಸೋದು ಮುಖ್ಯ, ವಾಹನಗಳನ್ನಲ್ಲ ಅಂತ ಕೇಂದ್ರದ ನಗರ ಸಾರಿಗೆ ನೀತಿ 2006ರಲ್ಲೇ ಹೇಳಿದೆ. ಈಗಿರುವ ರಿಂಗ್ ರೋಡ್ ಸುಮಾರು 42 ಕಿ.ಮೀ. ಇದೆ. ಅದರ ಮೇಲೆ ಸಾತಗಳ್ಳಿ, ಹೆಬ್ಬಾಳ, ಬೋಗಾದಿ ಮುಟ್ಟಿಕೊಂಡು ಹತ್ತು ನಿಮಿಷಕ್ಕೊಂದು ಬಸ್ ಸುತ್ತಲಿ. ಬಸ್ ಓಡುವ ರಸ್ತೆ ಗುರುತಿಸದ ಲೇಔಟಿಗೆ ಮಂಜೂರಾತಿಯನ್ನೇ ಕೊಡಬಾರದು. 1903ರಷ್ಟು ಹಿಂದೆಯೇ ಊರು ಬೆಳೆಸೋಕೆ ಅಂತಲೇ ಒಂದು ಮಂಡಳಿ ಮಾಡಿದ ಊರು ಇದು, ಇಲ್ಲಿ ಇಷ್ಟು ಕೇಳೋದು ಜಾಸ್ತಿಯಲ್ಲ.

ನೀವು ಒಂದು ಕೆಲಸ ಮಾಡಿ. ಸೋಮವಾರವೋ ಮಂಗಳವಾರವೋ ಬೆಳಿಗ್ಗೆ ಎಂಟೂವರೆಗೆ, ಮನೆಯಲ್ಲಿ ಗಾಡಿ ಓಡಿಸದವರನ್ನು ಕರೆದುಕೊಂಡು, ಆ ಸೈಟಿನಿಂದ ಬಸ್ ಸ್ಟಾಪಿಗೆ ನಡೆದು ಹೋಗಿ. ಬಂದ ಬಸ್ ಹತ್ತಿ, ಅವರ ಕೆಲಸದ ಜಾಗದವರೆಗೂ ಹೋಗಿ. ರಾತ್ರಿ ಕೊನೇ ಟ್ರಿಪ್ ಎಷ್ಟು ಹೊತ್ತಿಗೆ ಅಂತ ಕಂಡಕ್ಟರನ್ನು ಕೇಳಿ. ಎಂಟಕ್ಕೇ ಮುಗಿಯುತ್ತದೆ ಅಂದರೆ ಅಡ್ವಾನ್ಸ್ ಕೊಡಬೇಡಿ. ಸೈಟಿಗೂ ಮನೆ ಕಟ್ಟೋಕೂ ಇಟ್ಟ ದುಡ್ಡಲ್ಲಿ ಊರೊಳಗೇ ಕುವೆಂಪುನಗರ, ಸರಸ್ವತಿಪುರಂ ಕಡೆ ಚಿಕ್ಕದೊಂದು ಹಳೇ ಮನೆಯೋ ಫ್ಲಾಟೋ ಸಿಗುತ್ತದಾ ಹುಡುಕಿ.