ಡಾರ್ವಿನ್‌ನಿಂದ ಲಿಚ್‌ಫೀಲ್ಡ್‌ಗೆ ಮಾಮೂಲಿ ಕಾರು ಸಾಕು

ಜುಲೈಯಲ್ಲಿ ಉತ್ತರ ಆಸ್ಟ್ರೇಲಿಯಾದ ಡಾರ್ವಿನ್‌ ನಗರದಿಂದ ಲಿಚ್‌ಫೀಲ್ಡ್ ರಾಷ್ಟ್ರೀಯ ಉದ್ಯಾನಕ್ಕೆ ಮಾಮೂಲಿ ಕಾರು ಸಾಕೇ, ಎಲ್ಲಿ ಈಜಬಹುದು ಎಂದು ಕೇಳಿದ್ದೀರಿ. ಧಾರಾಳವಾಗಿ ಸಾಕು. ಬ್ಯಾಚಲರ್ ಎಂಬ ಊರಿನ ಮೂಲಕ ಉದ್ಯಾನದೊಳಗಿನ ವಾಂಗಿ ಜಲಪಾತದವರೆಗೂ ಡಾಂಬರು ರಸ್ತೆಯಿದೆ. ಉದ್ಯಾನ ತಲುಪಲು ಸುಮಾರು ಒಂದೂವರೆ ಗಂಟೆ. ಲಾಸ್ಟ್ ಸಿಟಿ ಎಂಬ ಬಂಡೆಗಳ ತಾಣದ ದಾರಿಗೆ ಮಾತ್ರ ಫೋರ್ ವೀಲ್ ಡ್ರೈವ್ ಬೇಕು, ಅದನ್ನು ಬಿಟ್ಟುಬಿಡಿ. ನಾರ್ದರ್ನ್ ಟೆರಿಟರಿ ಪ್ರಾಂತ್ಯದ ಹೊರಗಿನವರಿಗೆ ಪ್ರವೇಶ ಪಾಸ್ ಕಡ್ಡಾಯ, ಹಿಂದಿನ ದಿನವೇ ಆನ್‌ಲೈನ್‌ನಲ್ಲಿ ತೆಗೆದುಕೊಳ್ಳಿ.

ಬೆಳಿಗ್ಗೆ ಏಳಕ್ಕೇ ಹೊರಟು ಮೊದಲು ಬಂಡೆಗಳ ನಡುವಿನ ಈಜುಹೊಂಡಗಳಾದ ಬ್ಯೂಲಿ ರಾಕ್‌ಹೋಲ್‌ಗೆ ಹೋಗಿ. ಪಾರ್ಕಿಂಗ್ ಚಿಕ್ಕದು, ಬೇಗ ತುಂಬುತ್ತದೆ. ಬಂಡೆ ಜಾರುತ್ತದೆ, ಆಳ ನೋಡದೆ ಧುಮುಕಬೇಡಿ. ನಂತರ ಫ್ಲಾರೆನ್ಸ್ ಜಲಪಾತ, ಅಲ್ಲೂ ಈಜಬಹುದು, ಮೆಟ್ಟಿಲು ಹತ್ತಿಳಿಯಬೇಕು, ನೀರು ಜೊತೆಗಿರಲಿ. ಟಾಲ್ಮರ್ ಜಲಪಾತದಲ್ಲಿ ಈಜುವಂತಿಲ್ಲ, ನೋಡುವುದಷ್ಟೇ.

ವಾಂಗಿಯ ವಿಷಯದಲ್ಲಿ ದಯವಿಟ್ಟು ಎಚ್ಚರ. ಅಲ್ಲಿನ ಮಳೆಗಾಲದಲ್ಲಿ (ಸುಮಾರು ನವೆಂಬರ್‌ನಿಂದ ಏಪ್ರಿಲ್) ನೀರೇರಿದಾಗ ಉಪ್ಪುನೀರಿನ ಮೊಸಳೆಗಳು ಒಳಬರಬಹುದು. ರೇಂಜರ್‌ಗಳು ಪರಿಶೀಲಿಸಿದ ಮೇಲೆಯೇ ಈಜಲು ತೆರೆಯುತ್ತಾರೆ. ‘ಮುಚ್ಚಿದೆ’ ಎಂಬ ಫಲಕವಿದ್ದರೆ ಪಾದವನ್ನೂ ಇಳಿಸಬೇಡಿ. ಹೊರಡುವ ಬೆಳಿಗ್ಗೆಯೇ ಉದ್ಯಾನದ ಜಾಲತಾಣ ನೋಡಿ. ಮುಸ್ಸಂಜೆಗೆ ವಾಲಬಿಗಳು (ಪುಟ್ಟ ಕಾಂಗರೂಗಳಂಥ ಪ್ರಾಣಿಗಳು) ರಸ್ತೆಗೆ ಬರುತ್ತವೆ, ನಾಲ್ಕಕ್ಕೇ ವಾಪಸ್ ಹೊರಡಿ.